ಹನ್ನೊಂದನೇ ನಂಬರಿನ ತೂತು

ಆ ತೂತು ಹೆಬ್ಬೆರಳು ಹೋಗುವಷ್ಟು ಅಗಲ, ಅಷ್ಟೇ. ಕೊರೆದವನು ಬೇಕರಿಯಣ್ಣ. ಕೊರೆದದ್ದು ತನ್ನದೇ ಮನೆಯ ಗೋಡೆಯನ್ನು, ತನ್ನದೇ ತಲೆದಿಂಬಿನ ಮೇಲ್ಗಡೆ. ಇದರಲ್ಲಿ ಯಾರಪ್ಪನ ಗಂಟು ಹೋಯಿತು ಎಂದು ನೀವು ಕೇಳಬಹುದು. ಬೇರೆ ಕಡೆಯಾಗಿದ್ದರೆ ಯಾರದ್ದೂ ಹೋಗುತ್ತಿರಲಿಲ್ಲ. ಆದರೆ ಅವನಿದ್ದ ಕಾಲೊನಿಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಕಮಿಟಿಗೆ ಅರ್ಜಿ ಹಾಕಬೇಕಿತ್ತು.

ಅಲ್ಲಿದ್ದದ್ದು ನಲವತ್ತು ಪುಟ್ಟ ಮನೆಗಳು. ಎರಡೆರಡು ಮನೆಗೆ ಒಂದು ನಡುಗೋಡೆ. ಒಣಹುಲ್ಲಿನ ಕಂತೆಗಳನ್ನು ಒತ್ತಿ, ಮೇಲೆ ಮಣ್ಣು ಮೆತ್ತಿ ಎಬ್ಬಿಸಿದ ದಪ್ಪ ಗೋಡೆಗಳು, ಕಿಟಕಿಗೆ ಮೂರು ಪದರ ಗಾಜು, ಸೂರಿನ ಮೇಲೆ ಸೋಲಾರ್ ಹಲಗೆ. ಹೊರಗಿನ ಬಿಸಿಲು ಒಳಗೆ ಬರದು, ಒಳಗಿನ ತಂಪು ಹೊರಗೆ ಹೋಗದು. ಉಸಿರಾಡುವ ಗಾಳಿಯನ್ನು ಕೂಡ ಅಡುಗೆಮನೆಯ ಮೇಲಿನ ಒಂದು ಪುಟ್ಟ ಯಂತ್ರ ಸೋಸಿ, ಅಳೆದು ಕೊಡುತ್ತಿತ್ತು. ಒಂದು ವರ್ಷ ಇದ್ದು ನೋಡಬಹುದು. ಆಮೇಲೆ ಗಾಳಿ ಪರೀಕ್ಷೆ. ಮನೆ ಎಲ್ಲಿಯೂ ಸೋರದೆ, ಗೋಡೆ ಕೊಟ್ಟಂತೆಯೇ ಇದ್ದರೆ ಕಾಯಂ ಪತ್ರ ಸಿಗುತ್ತದೆ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು, ಕಾಯುವವರ ಪಟ್ಟಿಯಲ್ಲಿ ಅರವತ್ತು ಸಂಸಾರಗಳಿವೆ.

ಬೇಕರಿಯಣ್ಣನಿಗೆ ರಾತ್ರಿ ಪಾಳಿ. ಊರೆಲ್ಲ ಮಲಗಿದಾಗ ಹಿಟ್ಟು ನಾದಿ, ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು, ಸಣ್ಣಪುಟ್ಟ ಕೆಲಸ ಮುಗಿಸಿ, ಮಧ್ಯಾಹ್ನ ಉಂಡು ಮಲಗುವವನು. ಹಿಂದೆ ಇಪ್ಪತ್ತೆರಡು ವರ್ಷ ಗೂಡ್ಸ್ ರೈಲು ನಿಲ್ಲುವ ಯಾರ್ಡಿನ ಪಕ್ಕದ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದ್ದ. ರೈಲಿನ ಸದ್ದೇ ಅವನಿಗೆ ಜೋಗುಳ. ಈ ಹೊಸ ಮನೆಯ ನಿಶ್ಶಬ್ದದಲ್ಲಿ ಅವನಿಗೆ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ನಿದ್ದೆಗೆಟ್ಟು ಒಂದು ರಾತ್ರಿ ಮುನ್ನೂರು ಬ್ರೆಡ್ಡಿಗೆ ಉಪ್ಪು ಹಾಕುವುದನ್ನೇ ಮರೆತ. ಇನ್ನೊಂದು ಸಲ ಹೀಗಾದರೆ ಬೇರೆ ಕೆಲಸ ನೋಡಿಕೋ ಎಂದು ಮಾಲೀಕರು ಮೆಲ್ಲಗೆ ಹೇಳಿದ್ದರು, ಅವರು ಮೆಲ್ಲಗೆ ಹೇಳಿದ್ದನ್ನು ಮಾಡುವವರೇ.

ಆಗ ಅವನಿಗೆ ಹೊಳೆದ ಬುದ್ಧಿ ಇದು. ಗೋಡೆಯನ್ನು ಅರ್ಧದವರೆಗೆ ಕೊರೆದರೆ ಎಲ್ಲಿಂದಲಾದರೂ ಒಂದಿಷ್ಟು ಸದ್ದು ಬಂದೀತು. ಹೊರಗೋಡೆ ಕೊರೆದರೆ ಎದುರುಮನೆಯವರಿಗೆ ಕಂಡೀತು, ಹಾಗಾಗಿ ಮಂಚದ ತಲೆಯ ಕಡೆಯ ನಡುಗೋಡೆಯೇ ಸರಿ. ಬಾಮೈದನಿಂದ ಮೊಳದುದ್ದದ ಡ್ರಿಲ್ ತಂದ, ಹೆಂಡತಿ ಅಂಗಡಿಗೆ ಹೋದಾಗ, ಪಕ್ಕದ ಮನೆಯ ಮಾಸ್ತರು ಕಮಿಟಿ ಮೀಟಿಂಗಿಗೆ ಹೋದಾಗ, ಕೊರೆದೇಬಿಟ್ಟ. ಅಡ್ಡವಾಗಿ, ಮನೆಯ ಜೊತೆಗೇ ಬಂದಿದ್ದ ಗೋಡೆಯ ಮರದ ಪಟ್ಟಿಗೆ ಒಂದು ಕ್ಯಾಲೆಂಡರ್ ನೇತುಹಾಕಿದ. ಮಧ್ಯಾಹ್ನ ಮಲಗಿದಾಗ ಗೋಡೆಯ ಹೊಟ್ಟೆಯೊಳಗಿಂದ ದೂರದಲ್ಲೆಲ್ಲೋ ಗೂಡ್ಸ್ ರೈಲು ಹೋಗುವ ಸದ್ದು ಬಂತು. ಹಳಿಗೆ ಕಿವಿಯಿಟ್ಟರೆ ದೂರದ ರೈಲು ಕೇಳುವುದಿಲ್ಲವೇ, ಇದೂ ಹಾಗೆಯೇ ಎಂದುಕೊಂಡು ಅವನು ಮಗುವಿನಂತೆ ನಿದ್ದೆ ಹೋದ. ಅದಾಗಿ ಮೂರು ತಿಂಗಳು. ಒಂದು ದಿನವೂ ಆ ರೈಲು ತಪ್ಪಿರಲಿಲ್ಲ.

ಹೆಂಡತಿಗೆ ಇದ್ಯಾವುದೂ ಗೊತ್ತಿಲ್ಲ. ಯಾರ್ಡಿನ ಧೂಳಿನಲ್ಲಿ ಒಂದೊಂದು ಪಾತ್ರೆಯನ್ನೂ ಎರಡೆರಡು ಸಲ ತೊಳೆದವಳಿಗೆ ಈ ಮನೆ ಸ್ವರ್ಗಕ್ಕೆ ಮೂರೇ ಗೇಣು. ಮನೆ ಸೇರಿದ ದಿನವೇ ಅವಳು ಹೇಳಿಬಿಟ್ಟಿದ್ದಳು. "ಈ ಮನೆ ಬಿಡೋ ಹಾಗಾದ್ರೆ ನೀವೊಬ್ರೇ ಹೋಗಿ. ನಾನು ಬರಲ್ಲ."

ಪರೀಕ್ಷೆ ಮುಂದಿನ ವಾರ ಎಂದು ಬೇಕರಿಯಣ್ಣ ನಿಶ್ಚಿಂತನಾಗಿದ್ದ. ಭಾನುವಾರ ಗಾರೆಯವನನ್ನು ಗುಟ್ಟಾಗಿ ಕರೆಸಿ ತೂತು ಮುಚ್ಚಿಸಿ, ಪರೀಕ್ಷೆ ಆದ ಮೇಲೆ ಮತ್ತೆ ಕೊರೆದರಾಯಿತು. ಆದರೆ ಆ ಬೆಳಿಗ್ಗೆ ಕಾಲೊನಿಯ ಗೇಟಿನಲ್ಲೇ ಎದುರುಮನೆಯ ರೇಡಿಯೋ ಅಕ್ಕ ಸಿಕ್ಕಳು. ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಬೇಕರಿಯಣ್ಣ, ಗೊತ್ತಾಯ್ತಾ? ಗಾಳಿ ಪರೀಕ್ಷೆ ಇವತ್ತೇ ಅಂತೆ. ಹನ್ನೊಂದಕ್ಕೆ ನಿಮ್ಮನೆ, ಆಮೇಲೆ ಮಾಸ್ತರ ಮನೆ. ಆ ಇಂಜಿನಿಯರಮ್ಮ ಹೊಗೆ ಕಡ್ಡಿ ಹಿಡ್ಕೊಂಡು ಗೋಡೆ ಗೋಡೆ ಸವರ್ತಾಳಂತೆ. ನಿನ್ನೆ ಆರನೇ ನಂಬರಿನವರು ಫೇಲು."

"ಏನಾಗಿತ್ತು ಅಲ್ಲಿ?"

"ಬಾಗಿಲ ಕೆಳಗೆ ಕೂದಲೆಳೆಯಷ್ಟು ಸಂದಿ. ಪಾಪ, ಸಾಮಾನು ಕಟ್ತಾ ಇದ್ದಾರೆ."

ಕೂದಲೆಳೆಗೇ ಈ ಗತಿಯಾದರೆ ಹೆಬ್ಬೆರಳಿಗೆ ಏನು ಗತಿ? ಬೇಕರಿಯಣ್ಣ ಮನೆಗೆ ಓಡಿದ. ಹೆಂಡತಿ ನೆಲ ಒರೆಸುತ್ತಿದ್ದವಳು ತಲೆಯೆತ್ತಿ, "ಇವತ್ತೇ ಅಂತೆ ರೀ. ನಮ್ಮದೇನೂ ಭಯ ಇಲ್ಲ ಬಿಡಿ, ಒಂದು ಮೊಳೆಯನ್ನೂ ಹೊಡೆದವರಲ್ಲ ನಾವು" ಎಂದಳು. ಅವಳ ಮುಖದಲ್ಲಿದ್ದ ನಂಬಿಕೆ ನೋಡಲಾರದೆ ಅವನು ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದ.

ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮೊದಲು ಹತ್ತಿ ತುರುಕಿದ. ಬೆರಳಿನಿಂದ ಒತ್ತಿದಷ್ಟೂ ಅದು ಒಳಗೆ ಹೋಗಿ, ಕೊನೆಗೆ ಮಾಯವಾಯಿತು. ಗೋಡೆಯೊಳಗಿನ ಹುಲ್ಲು ನುಂಗಿರಬೇಕೆಂದು ಇನ್ನೊಂದು ಉಂಡೆ ತುರುಕಿದ. ಅದೂ ಮಾಯ. ಸೋಪಿನ ಚೂರು ಕೆತ್ತಿ ಕೂರಿಸಿದರೆ ಜಾರಿ ದಿಂಬಿನ ಮೇಲೆ ಬಿತ್ತು. ಅಷ್ಟರಲ್ಲಿ ಹೊರಗಿನಿಂದ ಮಾಸ್ತರ ದನಿ ಕೇಳಿ ಅವನು ಕ್ಯಾಲೆಂಡರ್ ಸರಿಪಡಿಸಿ ಈಚೆಗೆ ಬಂದ.

ಮಾಸ್ತರೆಂದರೆ ಹನ್ನೆರಡನೇ ನಂಬರಿನವರು, ನಿವೃತ್ತ ಹೆಡ್‌ಮಾಸ್ತರು, ಕಮಿಟಿಯ ಅಧ್ಯಕ್ಷರು. ಮೊಳೆಯ ಕಾನೂನು ಬರೆದವರೇ ಅವರು. ಹೆಂಡತಿ ತೀರಿಹೋಗಿ ಮೂರು ವರ್ಷ, ಮನೆಯಲ್ಲಿ ಅವರೊಬ್ಬರೇ.

"ಸೂಜಿ ದಾರ ಇದ್ರೆ ಕೊಡ್ತೀಯೇನಪ್ಪ? ದಿಂಬು ಹರಿದಿದೆಯೋ ಏನೋ, ಹಾಸಿಗೆ ಮೇಲೆ ಹತ್ತಿ ಬೀಳ್ತಾ ಇದೆ. ಇಂಜಿನಿಯರಮ್ಮ ಬಂದಾಗ ಚೆನ್ನಾಗಿರಲ್ಲ."

ಬೇಕರಿಯಣ್ಣ ಸೂಜಿ ದಾರ ಕೊಟ್ಟು, ಅಧ್ಯಕ್ಷರ ಮನಸ್ಸು ಹದವಾಗಿರಲಿ ಎಂದು ಒಂದು ಸಿಹಿ ಬನ್ನನ್ನೂ ಮುಂದೆ ಹಿಡಿದ. ಮಾಸ್ತರು ಕೈ ಹಿಂದಕ್ಕೆಳೆದುಕೊಂಡರು.

"ಸಿಹಿ ಬಿಟ್ಟು ಎರಡು ತಿಂಗಳಾಯ್ತಪ್ಪ. ಮನೆಯವಳು ಬೇಡ ಅಂತಾಳೆ. ಇದ್ದಾಗ ಅವಳ ಒಂದು ಮಾತೂ ನಾನು ಕೇಳಲಿಲ್ಲ. ಈಗ ಎಲ್ಲಾ ಕೇಳ್ತೀನಿ. ಕಾಲು ತೊಳ್ಕೊಂಡೇ ಮಂಚ ಹತ್ತೋದು." ವಯಸ್ಸಾದ ಮೇಲೆ ನೆನಪುಗಳು ಹೀಗೆಯೇ ಮಾತಾಡುತ್ತವೆ ಎಂದುಕೊಂಡ ಬೇಕರಿಯಣ್ಣನಿಗೆ ಪಾಪ ಅನ್ನಿಸಿತು. ಹೋಗುವಾಗ ಮಾಸ್ತರು ತಿರುಗಿ, "ಪರೀಕ್ಷೆ ವಿಷಯದಲ್ಲಿ ಮಾತ್ರ ನನ್ನತ್ರ ದಾಕ್ಷಿಣ್ಯ ಇಲ್ಲ. ಅಕ್ಕಪಕ್ಕದವರಾದರೂ ಅಷ್ಟೇ" ಎಂದರು. ಬೇಕರಿಯಣ್ಣನಲ್ಲಿ ಹುಟ್ಟಿದ್ದ ಕನಿಕರವೆಲ್ಲ ಅಲ್ಲಿಗೆ ಇಂಗಿತು.

ಗಂಟೆ ಒಂಬತ್ತಾಗಿತ್ತು. ಅವನ ಕಣ್ಣು ಮೇಜಿನ ಮೇಲಿದ್ದ ತನ್ನದೇ ಡಬ್ಬಿಯ ಮೇಲೆ ಬಿತ್ತು. ಹೆಂಡತಿ ಮನೆಯಲ್ಲೇ ಬನ್ನು ಸುಡಲಿ ಎಂದು ಬೇಕರಿಯಿಂದ ನಾದಿದ ಹಿಟ್ಟು ತಂದಿದ್ದ. ಒಂದು ಮುದ್ದೆ ಕಿತ್ತು, ಹೊಸೆದು, ತೂತಿನೊಳಗೆ ಮೊಣಕೈ ನೋಯುವವರೆಗೂ ತುಂಬಿದ. ಮೇಲೆ ಬೆರಳಿನಿಂದ ಸವರಿ ಗೋಡೆಯ ಮಟ್ಟಕ್ಕೆ ತಂದ. ಬಣ್ಣವೂ ಮಣ್ಣಿನ ಗೋಡೆಗೆ ಹೆಚ್ಚುಕಡಿಮೆ ಹೊಂದಿತು. ದೇವರು ಕಷ್ಟ ಕೊಟ್ಟಾಗ ಹಿಟ್ಟನ್ನೂ ಕೊಡುತ್ತಾನೆ ಎಂದು ಅವನು ನಿಟ್ಟುಸಿರು ಬಿಟ್ಟ.

ಇಪ್ಪತ್ತೈದು ವರ್ಷ ಹಿಟ್ಟಿನಲ್ಲಿ ಕೈಯಾಡಿಸಿದವನಿಗೆ ಅದು ಉಬ್ಬುತ್ತದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇಕರಿಯಲ್ಲಾಗಿದ್ದರೆ ಎಷ್ಟು ಹೊತ್ತಿಗೆ ಎಷ್ಟು ಉಬ್ಬುತ್ತದೆಂದು ನಿಮಿಷದ ಲೆಕ್ಕದಲ್ಲಿ ಹೇಳುತ್ತಿದ್ದ. ಆದರೆ ಹೆದರಿದವನ ತಲೆಯಲ್ಲಿ ಕಸುಬು ನಿಲ್ಲುವುದಿಲ್ಲ. ಅದೂ ಅಲ್ಲದೆ ತಂಪನ್ನು ಹೇಗೋ ಹಾಗೆ ಶಾಖವನ್ನೂ ಹೊರಗೆ ಬಿಡದ ಹುಲ್ಲಿನ ಗೋಡೆ. ಅಂಥ ಬೆಚ್ಚನೆಯ ಗೋಡೆಯೊಳಗೆ ಹಿಟ್ಟಿಗೆ ಇನ್ನೇನು ಬೇಕು?

ಹತ್ತಕ್ಕೆ ಬಂದು ನೋಡಿದರೆ ಕ್ಯಾಲೆಂಡರ್ ಗೋಡೆಯಿಂದ ಒಂದಂಗುಲ ಮುಂದೆ ಬಂದಿತ್ತು. ಹಿಂದೆ ಬೋಂಡಾದ ಗಾತ್ರದ ಗುಬುಟು. ಶೇವಿಂಗ್ ಬ್ಲೇಡಿನಿಂದ ಕೊಯ್ದು ಒಳಗೆ ತಟ್ಟಿದ. ಹತ್ತೂಕಾಲಿಗೆ ಮತ್ತೆ ಗುಬುಟು. ಮತ್ತೆ ಕೊಯ್ದ. ಹತ್ತೂವರೆಗೆ ಮೂರನೆಯದು. ಕೊಯ್ದ ತುಂಡುಗಳನ್ನು ಎಲ್ಲಿಡುವುದೆಂದು ತೋಚದೆ ಜೇಬಿಗಿಳಿಸಿದ. ಅವು ಜೇಬಿನಲ್ಲೂ ತಮ್ಮ ಕೆಲಸ ಮುಂದುವರಿಸಿದವು.

"ಏನ್ರೀ ಅದು, ಜೇಬಿನಲ್ಲಿ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಕರ್ಚೀಫು."

"ಕರ್ಚೀಫು ಅಷ್ಟು ದಪ್ಪಗಿರುತ್ತಾ?"

ಉತ್ತರ ಹುಡುಕುವಷ್ಟರಲ್ಲಿ ಹೊರಗೆ ಕೈಗಾಡಿ ನಿಂತ ಸದ್ದಾಯಿತು. ಇಂಜಿನಿಯರಮ್ಮ ಹತ್ತು ನಿಮಿಷ ಮುಂಚೆಯೇ ಬಂದಿದ್ದಳು.

ಅವಳು ಮುಂಬಾಗಿಲ ಚೌಕಟ್ಟಿಗೆ ಒಂದು ಕೆಂಪು ಪರದೆಯನ್ನು ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಕೂರಿಸಿದಳು. ಅದು ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ, ಆಗ ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಗಾಳಿ ಒಳಗೆ ನುಗ್ಗುತ್ತದೆ, ಯಂತ್ರದ ಮುಳ್ಳು ಒಂದನ್ನು ದಾಟಿದರೆ ಫೇಲು ಎಂದು ವಿವರಿಸಿದಳು. ಮಾಸ್ತರು ರಿಜಿಸ್ಟರ್ ಹಿಡಿದು ನಿಂತರು. ಕರೆಯದಿದ್ದರೂ ರೇಡಿಯೋ ಅಕ್ಕ ಒಳಗಿದ್ದಳು.

ಫ್ಯಾನು ತಿರುಗಿತು. ಮಲಗುವ ಕೋಣೆಯಲ್ಲಿ ಕ್ಯಾಲೆಂಡರ್ ಹೊಟ್ಟೆ ಉಬ್ಬಿಸಿದ್ದು ಬೇಕರಿಯಣ್ಣನಿಗೆ ಕಂಡಿತು. ಮೂರು ಹೆಜ್ಜೆಗೆ ಹೋಗಿ ಮಂಚ ಹತ್ತಿ ಅದಕ್ಕೆ ಬೆನ್ನು ಕೊಟ್ಟು ಕೂತ.

"ಏನೋ ಹುಳಿ ವಾಸನೆ ಬರ್ತಿದೆ" ಎಂದು ರೇಡಿಯೋ ಅಕ್ಕ ಮೂಗರಳಿಸಿದಳು.

"ಬೇಕರಿಯವರ ಮನೆಯಲ್ಲಿ ಇನ್ಯಾವ ವಾಸನೆ ಬರಬೇಕು" ಎಂದಳು ಹೆಂಡತಿ, ತುಸು ಖಾರವಾಗಿಯೇ.

ಇಂಜಿನಿಯರಮ್ಮ ಹೊಗೆ ಕಡ್ಡಿ ಹಿಡಿದು ಮೂರು ಗೋಡೆ ಸವರಿ ನಾಲ್ಕನೆಯದರ ಮುಂದೆ ನಿಂತಳು. "ಸ್ವಲ್ಪ ಏಳ್ತೀರಾ?"

"ಬೆನ್ನು ಹಿಡ್ಕೊಂಡಿದೆ. ರಾತ್ರಿಯಿಡೀ ನಾದಿದ್ದು. ಎದ್ರೆ ಮತ್ತೆ ಕೂರಕ್ಕಾಗಲ್ಲ."

ಬೆನ್ನಿಗೆ ತಣ್ಣಗೆ, ಮೆತ್ತಗೆ ಏನೋ ಒತ್ತುತ್ತಿತ್ತು. ಅವನು ಉಸಿರು ಬಿಗಿಹಿಡಿದು ಒತ್ತಿದ, ಅದೂ ಒತ್ತಿತು. ಇಂಜಿನಿಯರಮ್ಮ ಅವನ ಸುತ್ತ ಕಡ್ಡಿ ಆಡಿಸಿದಳು. ಹೊಗೆ ನೆಟ್ಟಗೆ ಮೇಲೆ ಹೋಯಿತು. ಅವಳು ಹೊರಗೆ ಹೋಗಿ ಮುಳ್ಳು ನೋಡಿ ಬರುವವರೆಗಿನ ಆ ಒಂದು ನಿಮಿಷದಲ್ಲಿ ಬೇಕರಿಯಣ್ಣ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದ.

"ಸೊನ್ನೆ ಪಾಯಿಂಟ್ ನಾಲ್ಕು. ಇಡೀ ಕಾಲೊನಿಯಲ್ಲೇ ಇಷ್ಟು ಬಿಗಿಯಾದ ಮನೆ ನಾನು ನೋಡಿಲ್ಲ."

ಹೆಂಡತಿಯ ಕಣ್ಣಲ್ಲಿ ನೀರು ಬಂತು. ಮಾಸ್ತರು ಬಂದು ಕೈ ಕುಲುಕಿದರು. ಕಾಯಂ ಪತ್ರಕ್ಕೆ ರುಜು ಹಾಕುವುದಷ್ಟೇ ಬಾಕಿ, ಅದನ್ನು ತಮ್ಮ ಮನೆಯ ಪರೀಕ್ಷೆಯೂ ಮುಗಿದ ಮೇಲೆ ಒಟ್ಟಿಗೆ ಮಾಡೋಣವೆಂದು ಎಲ್ಲರನ್ನೂ ಹನ್ನೆರಡನೇ ನಂಬರಿಗೆ ಕರೆದೊಯ್ದರು. ಕೋಣೆ ಗುಡಿಸಿ ಬರುತ್ತೇನೆಂದು ಹೆಂಡತಿ ಮಾತ್ರ ಹಿಂದೆ ಉಳಿದಳು.

ಮಾಸ್ತರ ಮಲಗುವ ಕೋಣೆ ಸ್ಲೇಟಿನಂತೆ ಒರಣ. ಮಂಚದ ತಲೆಯ ಮೇಲೆ, ಗೋಡೆಯುದ್ದಕ್ಕೂ ಕೊಟ್ಟ ಮರದ ಪಟ್ಟಿಗೆ ತೂಗುಹಾಕಿದ್ದ ಅವರ ಹೆಂಡತಿಯ ದೊಡ್ಡ ಫೋಟೋ. ತುಟಿ ಬಿಗಿದು, ಎದುರಿಗೆ ಇದ್ದವರ ತಪ್ಪನ್ನೆಲ್ಲ ಬಲ್ಲವರಂತೆ ನೋಡುತ್ತಿದ್ದ ಹೆಂಗಸು. ಆ ಫೋಟೋ ನೋಡುತ್ತ ನಿಂತ ಬೇಕರಿಯಣ್ಣನಿಗೆ ಒಂದು ವಿಚಾರ ನಿಧಾನವಾಗಿ ಬಂತು. ಈ ಗೋಡೆಯ ಆಚೆಗೆ ಇರುವುದು ತನ್ನ ಮಂಚ. ಆ ಹತ್ತಿ ಹೋದದ್ದೆಲ್ಲಿಗೆ ಎಂದು ಹೊಳೆಯುವಷ್ಟರಲ್ಲಿ ಫ್ಯಾನು ತಿರುಗಿಬಿಟ್ಟಿತ್ತು.

ಫೋಟೋ ಮೆಲ್ಲಗೆ ಮುಂದಕ್ಕೆ ಬಾಗಿತು. ಚೌಕಟ್ಟಿನ ಕೆಳಗಿನಿಂದ ಬಿಳಿಯದೊಂದು ನಾಲಿಗೆ ಇಣುಕಿ, ಉದ್ದವಾಗಿ, ಇನ್ನೂ ಉದ್ದವಾಗಿ ಇಳಿಯಿತು. ಮಾಸ್ತರ ಕೈಯಿಂದ ರಿಜಿಸ್ಟರ್ ಜಾರಿತು. ಬಾಟಲಿಯ ಬಿರಡೆ ಕಿತ್ತಂತೆ ಸದ್ದಾಗಿ ಅಷ್ಟೂ ಹಿಟ್ಟು ಅವರ ದಿಂಬಿನ ಮೇಲೆ ಬಿದ್ದಿತು. ಹೊರಗಿದ್ದ ಯಂತ್ರದ ಮುಳ್ಳು ಏರಿದ್ದಕ್ಕೆ ಗಂಟೆ ಬಡಿದುಕೊಳ್ಳತೊಡಗಿತು.

ಅದೇ ಹೊತ್ತಿಗೆ ಫೋಟೋದ ಹಿಂದಿನಿಂದ ಒಂದು ಹೆಣ್ಣುದನಿ ಸ್ಪಷ್ಟವಾಗಿ ಹೇಳಿತು. "ಈ ಮನುಷ್ಯನಿಗೆ ಎಷ್ಟು ಸಲ ಹೇಳೋದು, ಕಾಲು ತೊಳ್ಕೊಂಡು ಮಂಚ ಹತ್ತಬೇಕು ಅಂತ. ಹಾಸಿಗೆ ತುಂಬಾ ಹಿಟ್ಟು. ಸಿಹಿ ತಿನ್ಬೇಡಿ ಅಂದ್ರೆ ಅದನ್ನೂ ಕೇಳಲ್ಲ. ನಾನು ಬಡ್ಕೊಂಡು ಬಡ್ಕೊಂಡು ಸಾಯ್ಬೇಕು."

ರೇಡಿಯೋ ಅಕ್ಕನ ತೆರೆದ ಬಾಯಿ ಹಾಗೆಯೇ ಇತ್ತು. ಮಾಸ್ತರು ಫೋಟೋವನ್ನು ಎರಡು ಕೈಯಿಂದ ಎತ್ತಿ, ತೂತು ನೋಡಿ, ಹಾಸಿಗೆಯ ಅಂಚಿಗೆ ಕೂತರು.

"ಮೂರು ತಿಂಗಳಿಂದ ದಿನಾ ಎರಡು ಗಂಟೆಗೆ ಈ ದನಿ ಬರುತ್ತೆ" ಎಂದರು. "ಇವಳೇ ಅಂದುಕೊಂಡಿದ್ದೆ. ಇವಳೂ ಹೀಗೇ ಬೈತಿದ್ದಳು. ಅದು ಕೇಳಿಸಿದ ಮೇಲೇ ನನಗೆ ಮೊದಲಿನ ಹಾಗೆ ನಿದ್ದೆ ಬರೋಕೆ ಶುರುವಾದದ್ದು."

ಬೇಕರಿಯಣ್ಣ ಒಂದು ಹೆಜ್ಜೆ ಮುಂದೆ ಬಂದ. ತಪ್ಪೊಪ್ಪಿಕೊಳ್ಳದೆ ಬೇರೆ ದಾರಿಯಿರಲಿಲ್ಲ. "ಅರ್ಧ ಗೋಡೆಗೆ ನಿಲ್ಲಿಸಿದೆ ಅಂದುಕೊಂಡಿದ್ದೆ ಮಾಸ್ತರೇ. ರೈಲಿನ ಸದ್ದು ಇಲ್ಲದೆ ನನಗೆ ನಿದ್ದೆ ಬರ್ತಿರಲಿಲ್ಲ. ಕೊರೆದ ಮೇಲೆ ದೂರದ ಗೂಡ್ಸ್ ರೈಲು ಕೇಳೋದು."

"ಯಾವ ರೈಲು?" ರೇಡಿಯೋ ಅಕ್ಕನಿಗೆ ಬಾಯಿ ಬಂತು. "ಈ ಸುತ್ತ ಎಲ್ಲೂ ರೈಲು ಹಳಿಯೇ ಇಲ್ವಲ್ಲ. ಎಷ್ಟು ಹೊತ್ತಿಗೆ ಹೋಗುತ್ತೆ ಅದು?"

"ಮಧ್ಯಾಹ್ನ ಎರಡೂಕಾಲಿಂದ ನಾಲ್ಕೂವರೆ."

ಮಾಸ್ತರು ಒಮ್ಮೆ ಕೆಮ್ಮಿದರು. "ಆ ಹೊತ್ತಿಗೆ ನಾನು ಮಲಗಿರ್ತೀನಿ" ಎಂದರು. "ಇವಳೂ ಅದನ್ನ ರೈಲು ಅಂತಲೇ ಕರೀತಿದ್ದಳು."

ಇಂಜಿನಿಯರಮ್ಮನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅವಳು ಎರಡೂ ಮನೆಗಳ ಬಾಗಿಲು ಮುಚ್ಚಿಸಿ, ತೂತನ್ನು ತೆರೆದೇ ಇಟ್ಟು ಒಟ್ಟಿಗೆ ಅಳೆದಳು. ಮುಳ್ಳು ಒಂದರ ಒಳಗೇ ನಿಂತಿತು. "ನನ್ನ ಯಂತ್ರಕ್ಕೆ ಬೇಕಾಗಿರೋದು ಹೊರಗಿನ ಗಾಳಿಯ ಲೆಕ್ಕ. ಇದು ಮನೆಯಿಂದ ಮನೆಗೆ ಹೋಗೋ ತೂತು. ಎರಡೂ ಮನೆ ಸೇರಿ ಪಾಸು. ಗೋಡೆ ಕೊರೆದ ತಪ್ಪಿಗೆ ಏನು ಮಾಡೋದು ಅನ್ನೋದು ಅಧ್ಯಕ್ಷರಿಗೆ ಬಿಟ್ಟದ್ದು."

ಗಂಟೆಯ ಸದ್ದಿಗೆ ಓಡಿಬಂದಿದ್ದ ಹೆಂಡತಿ ಬಾಗಿಲಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಅವಳು ಗಂಡನ ಕಡೆ ನೋಡಿದ ನೋಟಕ್ಕೆ ಹಸಿ ಹಿಟ್ಟು ನಿಂತಲ್ಲೇ ಬೇಯುತ್ತಿತ್ತು. ಮನೆ ಕೈಬಿಟ್ಟಿತೆಂದು ಬೇಕರಿಯಣ್ಣ ತಲೆತಗ್ಗಿಸಿದ. ಯಾರ್ಡಿನ ಪಕ್ಕದ ಆ ಕೋಣೆ ಇನ್ನೂ ಖಾಲಿಯಿದೆಯೋ ಇಲ್ಲವೋ.

"ಅಮ್ಮಾ" ಎಂದರು ಮಾಸ್ತರು, ಅವಳ ಕಡೆ ತಿರುಗಿ. "ದಿನಾ ಎರಡು ಗಂಟೆಗೆ ಬೈತಿದ್ದದ್ದು ನೀವಾ?"

ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. "ತಪ್ಪಾಯ್ತು ಮಾಸ್ತರೇ. ಅಷ್ಟೆಲ್ಲಾ ನಿಮಗೆ ಕೇಳ್ತಿತ್ತು ಅಂತ ಗೊತ್ತಿರಲಿಲ್ಲ."

"ತಪ್ಪೇನಿಲ್ಲಮ್ಮ" ಎಂದು ಅವರು ರಿಜಿಸ್ಟರ್ ಎತ್ತಿಕೊಂಡು ತಮ್ಮ ಗುಂಡು ಗುಂಡು ಅಕ್ಷರದಲ್ಲಿ ಬರೆದರು. ಹನ್ನೊಂದು ಮತ್ತು ಹನ್ನೆರಡನೇ ನಂಬರಿನ ನಡುವಿನ ತೂತಿಗೆ ಕಮಿಟಿಯ ಅನುಮತಿ ಇದೆ, ಅದನ್ನು ಯಾರೂ ಮುಚ್ಚತಕ್ಕದ್ದಲ್ಲ. ಕೆಳಗೆ ರುಜು. ಕಾಯಂ ಪತ್ರಕ್ಕೂ ರುಜು. ಬೇಕರಿಯಣ್ಣನಿಗೆ ಕಾಲಿಗೆ ಬೀಳುವುದೊಂದು ಬಾಕಿ. ಮನೆ ಉಳಿಯಿತು, ತೂತು ಉಳಿಯಿತು, ರೈಲೂ ಉಳಿಯಿತು. ಹೀಗೆ ಅದೃಷ್ಟ ಮನೆ ಹುಡುಕಿಕೊಂಡು ಬಂದದ್ದು ಅವನ ಜನ್ಮದಲ್ಲಿ ಇದೇ ಮೊದಲು.

ಉಂಡು ಎರಡು ಗಂಟೆಗೆ ಮಂಚ ಹತ್ತಿದ. ಮೈಯೆಲ್ಲ ಸೋತಿತ್ತು. ಆಚೆ ಮನೆಯಲ್ಲಿ ಮಾಸ್ತರು ಮಲಗಿದ ಮಂಚದ ಕಿರ್ರೆನ್ನುವ ಸದ್ದು ಕೇಳಿಸಿತು. ಇನ್ನು ಹೆಂಡತಿ ಬಂದು ಬೈಯಬೇಕು, ಮಾಸ್ತರಿಗೆ ನಿದ್ದೆ ಬರಬೇಕು, ರೈಲು ಹೊರಡಬೇಕು. ಇವತ್ತಂತೂ ಬೈಯಲು ಅವಳಿಗೆ ಬೇಕಾದಷ್ಟು ಸರಕಿತ್ತು.

ಹೆಂಡತಿ ಬಂದಳು. ಗೋಡೆಯ ತೂತು ನೋಡಿದಳು, ಕೂದಲು ಸರಿಮಾಡಿಕೊಂಡಳು. "ಮಲಗಿದ್ರಾ? ಮಲಗಿ, ಪಾಪ, ತುಂಬಾ ದಣಿದಿದ್ದೀರಿ" ಎಂದಳು. ಆ ದನಿಯನ್ನು ಬೇಕರಿಯಣ್ಣ ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಕೇಳಿದ್ದ.

"ನಾನು ಕಾಲು ತೊಳೆದಿಲ್ಲ" ಎಂದ ಅವನು.

"ಪರವಾಗಿಲ್ಲ ಬಿಡಿ."

ಅವನು ಎದ್ದು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದ. ಅವಳು ಅದನ್ನು ಮಡಚಿ ಎತ್ತಿಟ್ಟಳು. ಜೇಬಿನಿಂದ ಹಿಟ್ಟು ತೆಗೆದು ಬಿಳಿ ಹೊದಿಕೆಗೆ ಒರೆಸಿದ. ಅವಳ ಕಣ್ಣಿನಲ್ಲಿ ಒಂದು ಕಿಡಿ ಎದ್ದಿತು. ಆದರೆ ಕಣ್ಣು ತೂತಿನ ಕಡೆ ಹೋದದ್ದೇ ಕಿಡಿ ಆರಿಹೋಯಿತು. ತೂತಿನಿಂದ ಒಂದು ಕೆಮ್ಮು ಕೇಳಿತು, ಆಮೇಲೆ ಸಂಕೋಚದ ಒಂದು ದನಿ.

"ಅಮ್ಮಾ, ಎರಡೂಕಾಲಾಯ್ತು. ಇವತ್ತು ಏನೂ ಬೈಯೋದಿಲ್ವೇ?"

"ಬೈಯೋಕೆ ಏನಿದೆ ಮಾಸ್ತರೇ" ಎಂದಳು ಅವಳು ತೂತಿಗೆ ಕೇಳುವಂತೆ, ಜೇನು ಸುರಿದ ಹಾಗೆ. "ನಮ್ಮವರು ಬಂಗಾರದಂಥವರು."

ಆ ಒಂದು ಮಾತಿಗಾಗಿ ಇಪ್ಪತ್ತೆರಡು ವರ್ಷ ಕಾದಿದ್ದ ಬೇಕರಿಯಣ್ಣ ಅವಳ ಕೈ ಹಿಡಿದು ಪಿಸುಗುಟ್ಟಿದ. "ನಿನ್ನ ದಮ್ಮಯ್ಯ ಅಂತೀನಿ. ರಾತ್ರಿ ಒಂಬತ್ತಕ್ಕೆ ಪಾಳಿ ಇದೆ. ಒಂದೇ ಒಂದು ಸಲ ಬೈಯೇ."

"ಛೇ, ನಿಮ್ಮನ್ನ ಬೈಯೋಕೆ ನನಗೆ ಬಾಯಾದರೂ ಹೇಗೆ ಬರುತ್ತೆ" ಎಂದು ಅವಳು ಹೊದಿಕೆ ಸರಿಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಗೋಡೆಯ ಆಚೆ ಮಂಚ ಕಿರ್ರೆಂದಿತು, ಮಾಸ್ತರು ಇನ್ನೊಂದು ಮಗ್ಗುಲಿಗೆ ಹೊರಳಿ ಕಣ್ಣು ಬಿಟ್ಟುಕೊಂಡೇ ಕಾಯುತ್ತಿದ್ದರು. ಈಚೆಗೆ ಬೇಕರಿಯಣ್ಣನೂ ಸೂರು ನೋಡುತ್ತ ಕಾದ. ಗಂಟೆ ಮೂರಾಯಿತು, ನಾಲ್ಕಾಯಿತು, ರೈಲು ಹೊರಡಲಿಲ್ಲ.